ಬೋರ್ಡ್ ಇಲ್ಲದ ಬಾಗಿಲು: ಕುಡಿತ ಬಿಟ್ಟವರ ಮೀಟಿಂಗ್ ಶುರುವಾದ ಕಥೆ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿದ್ರೆ ಇಯರ್‌ಫೋನ್ ಸರಿ ಮಾಡ್ಕೊಳ್ಳಿ. ಇವತ್ತಿನ ವಿಷಯ ಪಕ್ಕದ ಸೀಟಿನವರಿಗೆ ಕೇಳಿಸಬಾರದು ಅಂತ ನಿಮ್ಮಲ್ಲಿ ಕೆಲವರಿಗಾದ್ರೂ ಅನ್ನಿಸಬಹುದು.

ಇವತ್ತು ಒಂದು ಸಂಸ್ಥೆಯ ಇತಿಹಾಸ ಹೇಳ್ತೀನಿ. ಅದಕ್ಕೆ ಮಾಲೀಕರಿಲ್ಲ. ಫೀಸ್ ಇಲ್ಲ. ಹಾಜರಿ ಪುಸ್ತಕ ಇಲ್ಲ. ಹೊರಗಿನವರು ಯಾರಾದ್ರೂ ಬಂದು ಲಕ್ಷ ರೂಪಾಯಿ ದಾನ ಕೊಡ್ತೀನಿ ಅಂದ್ರೆ ಬೇಡ ಅನ್ನುತ್ತೆ. ನಾನು ಓದಿದ್ದು ಬಿ.ಕಾಂ. ನಾನು ಕಲಿತ ಲೆಕ್ಕದ ಪ್ರಕಾರ ಇಂಥ ಸಂಸ್ಥೆ ಎರಡು ವರ್ಷದಲ್ಲಿ ಬಾಗಿಲು ಹಾಕಬೇಕು. ಆದ್ರೆ ಇದಕ್ಕೆ 90 ವರ್ಷ ದಾಟಿದೆ, ಸುಮಾರು 180 ದೇಶಗಳಲ್ಲಿ ನಡೀತಿದೆ. ಬೆಂಗಳೂರಲ್ಲಿ ಇವತ್ತು ಸಂಜೆ ಕೂಡ ಎಲ್ಲೋ ಒಂದು ಕೋಣೆಯಲ್ಲಿ ಕುರ್ಚಿ ಜೋಡಿಸ್ತಿರ್ತಾರೆ.

ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್. ಎಲ್ಲರೂ ಕರೆಯೋದು ಎಎ ಅಂತ. ಕನ್ನಡದಲ್ಲಿ ನೇರವಾಗಿ ಹೇಳಿದ್ರೆ ‘ಹೆಸರು ಹೇಳದ ಕುಡುಕರು’. ಕುಡಿತ ಬಿಡಬೇಕು ಅನ್ನೋರು ಒಂದು ಕಡೆ ಸೇರಿ, ಒಬ್ಬರಿಗೊಬ್ಬರು ತಮ್ಮ ಕಥೆ ಹೇಳ್ಕೊಂಡು ಎದ್ದು ಹೋಗ್ತಾರೆ. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಇಷ್ಟೇ. ಇಷ್ಟರಿಂದ ಏನಾಗುತ್ತೆ ಅನ್ನೋದೇ ಇವತ್ತಿನ ಕಥೆ.

ಲಾಬಿಯ ಒಂದು ಕಡೆ ಬಾರ್, ಇನ್ನೊಂದು ಕಡೆ ಫೋನ್

1935ರ ಮೇ ತಿಂಗಳು. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರ. ಟೈರ್ ಕಂಪನಿಗಳ ಊರು. ಗುಡ್‌ಇಯರ್, ಫೈರ್‌ಸ್ಟೋನ್ ಎಲ್ಲ ಅಲ್ಲಿಯವೇ. ಅಲ್ಲಿನ ಮೇಫ್ಲವರ್ ಹೋಟೆಲ್ ಲಾಬಿಯಲ್ಲಿ 39 ವರ್ಷದ ಒಬ್ಬ ಮನುಷ್ಯ ಅತ್ತಿಂದಿತ್ತ ಓಡಾಡ್ತಿದ್ದ. ಹೆಸರು ಬಿಲ್ ವಿಲ್ಸನ್. ನ್ಯೂಯಾರ್ಕ್ ಷೇರು ಮಾರುಕಟ್ಟೆಯವನು.

ಈ ಬಿಲ್ ಸಾಮಾನ್ಯ ಆಸಾಮಿ ಅಲ್ಲ. 1920ರ ದಶಕದಲ್ಲಿ ಹೆಂಡತಿ ಲೋಯಿಸ್ ಜೊತೆ ಸೈಡ್‌ಕಾರ್ ಇರೋ ಮೋಟರ್‌ಸೈಕಲ್ ಹತ್ತಿ ಊರೂರು ಸುತ್ತಿ, ಫ್ಯಾಕ್ಟರಿಗಳನ್ನ ನೋಡಿ, ಯಾವ ಕಂಪನಿ ಷೇರು ಕೊಳ್ಳಬಹುದು ಅಂತ ವರದಿ ಬರೀತಿದ್ದ. ಇವತ್ತು ನಾವು ಈಕ್ವಿಟಿ ರಿಸರ್ಚ್ ಅಂತೀವಲ್ಲ, ಅದೇ. ಆಮೇಲೆ 1929ರಲ್ಲಿ ಮಾರುಕಟ್ಟೆ ಬಿತ್ತು. ಕುಡಿತ ಮೊದಲೇ ಇತ್ತು, ಆಮೇಲೆ ಅದೊಂದೇ ಉಳೀತು. ಆಸ್ಪತ್ರೆಗೆ ಸೇರೋದು, ಬಿಡ್ತೀನಿ ಅಂತ ಮಾತು ಕೊಡೋದು, ಮತ್ತೆ ಕುಡಿಯೋದು. 1934ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಟೌನ್ಸ್ ಆಸ್ಪತ್ರೆಗೆ ಸೇರಿದಾಗ ಕೊನೆಗೂ ನಿಂತಿತು.

ಅಲ್ಲಿಂದ ಐದು ತಿಂಗಳು ಬಿಲ್ ಕಂಡ ಕಂಡ ಕುಡುಕರಿಗೆಲ್ಲ ಬುದ್ಧಿ ಹೇಳೋಕೆ ಹೋದ. ಒಬ್ಬರೂ ಬಿಡಲಿಲ್ಲ. ಬೇಜಾರಾಗಿ ಕೂತಾಗ ಹೆಂಡತಿ ಒಂದು ಮಾತು ಗಮನಕ್ಕೆ ತಂದರು: ಅವರು ಯಾರೂ ಬಿಟ್ಟಿಲ್ಲ ನಿಜ, ಆದ್ರೆ ನೀವು ಕುಡಿದಿಲ್ಲವಲ್ಲ.

ಆಕ್ರನ್‌ಗೆ ಬಿಲ್ ಬಂದಿದ್ದು ಒಂದು ಯಂತ್ರ ತಯಾರಿಕಾ ಕಂಪನಿಯ ಹಿಡಿತಕ್ಕಾಗಿ ನಡೀತಿದ್ದ ಪ್ರಾಕ್ಸಿ ಫೈಟ್‌ಗೆ. ಅಂದ್ರೆ ಷೇರುದಾರರ ಮತ ಒಟ್ಟುಮಾಡಿ ಆಡಳಿತ ಮಂಡಳಿ ಕಸಿದುಕೊಳ್ಳೋ ಆಟ. ಸೋತರು. ಜೊತೆಗಿದ್ದವರು ವಾಪಸ್ ಹೋದರು. ವೀಕೆಂಡ್, ಪರ ಊರು, ಜೇಬಲ್ಲಿ ದುಡ್ಡಿಲ್ಲ, ಲಾಬಿಯ ಒಂದು ಕಡೆ ಬಾರ್‌ನ ಗಲಗಲ. ಒಂದು ಪೆಗ್ ಹಾಕಿದ್ರೆ ಏನಾಗುತ್ತೆ ಅನ್ನೋ ಯೋಚನೆ ಬಂತು.

ಇನ್ನೊಂದು ಕಡೆ ಫೋನ್ ಇತ್ತು, ಪಕ್ಕದಲ್ಲಿ ಊರಿನ ಚರ್ಚ್‌ಗಳ ಪಟ್ಟಿ. ಬಿಲ್ ಒಬ್ಬ ಪಾದ್ರಿಗೆ ಫೋನ್ ಮಾಡಿದ. ಅವರು ಕೊಟ್ಟ ಹೆಸರುಗಳಿಗೆ ಒಂದೊಂದಾಗಿ ಕರೆ ಮಾಡ್ತಾ ಹೋದ. ಕೊನೆಗೆ ಸಿಕ್ಕಿದ್ದು ಹೆನ್ರಿಯೆಟಾ ಸೈಬರ್ಲಿಂಗ್ ಅನ್ನೋ ಮಹಿಳೆ, ಗುಡ್‌ಇಯರ್ ಸ್ಥಾಪಕರ ಸೊಸೆ. ಅವರಿಗೆ ಪರಿಚಯದ ಒಬ್ಬ ಸರ್ಜನ್ ಇದ್ದರು, ಡಾ. ರಾಬರ್ಟ್ ಸ್ಮಿತ್. ಕುಡಿತದಿಂದ ಕೈ ನಡುಗ್ತಿತ್ತು, ಪ್ರಾಕ್ಟೀಸ್ ಹಾಳಾಗ್ತಾ ಇತ್ತು.

ಮೇ 12, ಭಾನುವಾರ. ಡಾ. ಬಾಬ್ ಬಂದರು, ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಲ್ಲ ಅನ್ನೋ ಷರತ್ತಿನ ಮೇಲೆ. ಎದ್ದಿದ್ದು ಆರು ಗಂಟೆ ಆದ ಮೇಲೆ.

ಯಾಕೆ? ಯಾಕಂದ್ರೆ ಡಾಕ್ಟರಿಗೆ ಅಷ್ಟರವರೆಗೆ ಬುದ್ಧಿ ಹೇಳಿದವರೆಲ್ಲ ಕುಡಿಯದವರು. ಇವನು ಬುದ್ಧಿ ಹೇಳಲೇ ಇಲ್ಲ. ತನ್ನ ಕಥೆ ಹೇಳಿದ. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಬಿಲ್ ಆವತ್ತು ಫೋನ್ ಮಾಡಿದ್ದು ಉಪಕಾರ ಮಾಡೋಕಲ್ಲ. ತಾನು ಬಾರ್ ಕಡೆ ಹೋಗದೆ ಇರೋಕೆ ಅವನಿಗೆ ಇನ್ನೊಬ್ಬ ಕುಡುಕ ಬೇಕಾಗಿತ್ತು.

ನಡುವೆ ಡಾ. ಬಾಬ್ ಒಮ್ಮೆ ಜಾರಿದರು. ಡಾಕ್ಟರ್‌ಗಳ ಸಮ್ಮೇಳನಕ್ಕೆ ಅಂತ ಅಟ್ಲಾಂಟಿಕ್ ಸಿಟಿಗೆ ಹೋಗಿ ಕುಡಿದು ಬಂದರು. ವಾಪಸ್ ಬಂದ ಮೇಲೆ ಒಂದು ಆಪರೇಷನ್ ಇತ್ತು. ಕೈ ನಡುಗದೆ ಇರ್ಲಿ ಅಂತ ಬಿಲ್ ಕೊಟ್ಟ ಒಂದು ಬಿಯರ್ ಕುಡಿದು ಹೋದರು. ಅದೇ ಅವರ ಕೊನೆಯ ಕುಡಿತ. ಎಎ ತನ್ನ ಹುಟ್ಟಿದ ದಿನ ಅಂತ ಲೆಕ್ಕ ಹಾಕೋದು ಆ ದಿನವನ್ನೇ, 1935ರ ಜೂನ್ 10. 1950ರಲ್ಲಿ ತೀರಿಕೊಳ್ಳುವ ತನಕ ಡಾಕ್ಟರ್ ಮತ್ತೆ ಮುಟ್ಟಲಿಲ್ಲ.

ನೂರು ವರ್ಷ ಮುಂಚೆ ಇದೇ ಐಡಿಯಾ ಮುಳುಗಿತ್ತು

ಈ ಐಡಿಯಾ ಹೊಸದೇನಲ್ಲ. 1840ರಲ್ಲಿ ಬಾಲ್ಟಿಮೋರ್ ನಗರದ ಒಂದು ಹೆಂಡದಂಗಡಿಯಲ್ಲಿ ಆರು ಜನ ಗೆಳೆಯರು ಕೂತು, ಇನ್ಮೇಲೆ ಕುಡಿಯಲ್ಲ ಅಂತ ಪ್ರತಿಜ್ಞೆ ಮಾಡಿದರು. ಬಡಗಿ, ದರ್ಜಿ, ಕಮ್ಮಾರ ಇಂಥ ಕೆಲಸದವರು. ಅವರು ಕಟ್ಟಿದ್ದು ವಾಷಿಂಗ್ಟೋನಿಯನ್ ಚಳವಳಿ. ವಾರಕ್ಕೊಮ್ಮೆ ಸೇರಿ ಕಥೆ ಹೇಳ್ಕೊಳ್ಳೋದು ಅಲ್ಲೂ ಇತ್ತು. ಲಕ್ಷಗಟ್ಟಲೆ ಜನ ಸಹಿ ಹಾಕಿದರು. 1842ರಲ್ಲಿ ಇವರ ಸಭೆಯಲ್ಲಿ ಒಬ್ಬ ಯುವ ವಕೀಲ ಭಾಷಣ ಮಾಡಿದ್ದ. ಹೆಸರು ಅಬ್ರಹಾಂ ಲಿಂಕನ್.

ಕೆಲವೇ ವರ್ಷದಲ್ಲಿ ಎಲ್ಲ ಕರಗಿಹೋಯ್ತು. ಪಾನನಿಷೇಧ ಕಾನೂನು ಬೇಕಾ ಬೇಡ್ವಾ, ಯಾವ ಪಕ್ಷ, ಯಾವ ಧರ್ಮ ಅಂತ ಜಗಳ ಶುರುವಾಯ್ತು. ವೇದಿಕೆ ಮೇಲೆ ಸ್ಟಾರ್ ಭಾಷಣಕಾರರು ಹುಟ್ಟಿಕೊಂಡರು. ಮೂಲೆಯಲ್ಲಿ ಕೂತ ನಡುಗೋ ಕೈಯವನನ್ನ ಕೇಳೋರು ಯಾರೂ ಇಲ್ಲದಂಗಾಯ್ತು.

ಇದರ ಪಾಠ ಎಎಯ ನಿಯಮಗಳಲ್ಲಿ ಕಾಣುತ್ತೆ. 1950ರಲ್ಲಿ ಕ್ಲೀವ್‌ಲ್ಯಾಂಡ್ ಸಮ್ಮೇಳನದಲ್ಲಿ ಒಪ್ಪಿಕೊಂಡ 12 ಸಂಪ್ರದಾಯಗಳು ಹೇಳೋದು ಇದನ್ನೇ. ಹೊರಗಿನ ಯಾವ ವಿವಾದದಲ್ಲೂ ಅಭಿಪ್ರಾಯ ಕೊಡಬಾರದು. ಪಾನನಿಷೇಧದ ಪರವೂ ಇಲ್ಲ, ವಿರೋಧವೂ ಇಲ್ಲ. ಸೇರೋಕೆ ಒಂದೇ ಅರ್ಹತೆ: ಕುಡಿತ ಬಿಡಬೇಕು ಅನ್ನೋ ಆಸೆ. ಬಿಟ್ಟಿರಬೇಕು ಅಂತಲೂ ಇಲ್ಲ, ಆಸೆ ಇದ್ರೆ ಸಾಕು. ಆಮೇಲೆ ಪತ್ರಿಕೆ, ರೇಡಿಯೊ, ಸಿನಿಮಾ ಮುಂದೆ ಯಾರೂ ಪೂರ್ತಿ ಹೆಸರು ಹಾಕ್ಕೊಂಡು ಸದಸ್ಯ ಅಂತ ಹೇಳಬಾರದು. 1954ರಲ್ಲಿ ಯೇಲ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡ್ತೀವಿ ಅಂದಾಗ ಬಿಲ್ ಬೇಡ ಅಂದ. ನಮ್ಮಲ್ಲಿ ಗೌರವ ಡಾಕ್ಟರೇಟ್‌ಗೆ ಏನೇನು ನಡೆಯುತ್ತೆ ಅಂತ ಗೊತ್ತಿರೋರಿಗೆ ಇದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ದುಡ್ಡಿನ ಲೆಕ್ಕ

ಈಗ ನನಗೆ ಇಷ್ಟವಾದ ಭಾಗ. ಶುರುವಲ್ಲಿ ಬಿಲ್‌ಗೂ ದೊಡ್ಡ ದೊಡ್ಡ ಕನಸಿತ್ತು. ಆಸ್ಪತ್ರೆ ಕಟ್ಟಬೇಕು, ಸಂಬಳದ ಪ್ರಚಾರಕರನ್ನ ಇಡಬೇಕು. ಅದಕ್ಕೆ ದುಡ್ಡು ಬೇಕು ಅಂತ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಅವರ ಆಪ್ತರ ಹತ್ರ ಹೋದರು. ರಾಕ್‌ಫೆಲ್ಲರ್ ಕೇಳಿ ಮೆಚ್ಚಿಕೊಂಡರು, ಆದ್ರೆ 1938ರಲ್ಲಿ ಕೊಟ್ಟಿದ್ದು 5,000 ಡಾಲರ್ ಮಾತ್ರ. ಕಾರಣ? ಹೆಚ್ಚು ದುಡ್ಡು ಕೊಟ್ರೆ ಇದು ಕೆಟ್ಟುಹೋಗುತ್ತೆ. ಜಗತ್ತಿನ ಅತಿ ಶ್ರೀಮಂತ ಮನೆತನದವರು ಹೇಳಿದ ಮಾತು!

ಆಮೇಲೆ ಪುಸ್ತಕ ಬರೆಯೋಕೆ ಹೊರಟರು. ಬಿಲ್ ಷೇರು ಪೇಟೆಯವನಲ್ವಾ, ಪುಸ್ತಕಕ್ಕೇ ಒಂದು ಕಂಪನಿ ಮಾಡಿ ಒಂದು ಷೇರಿಗೆ 25 ಡಾಲರ್‌ನಂತೆ ಮಾರಿದ. 1939ರ ಏಪ್ರಿಲ್‌ನಲ್ಲಿ ಪುಸ್ತಕ ಬಂತು, ಬೆಲೆ ಮೂರೂವರೆ ಡಾಲರ್. ಆ ಕಾಲಕ್ಕೆ ದುಬಾರಿ. ಕೊಟ್ಟ ಕಾಸಿಗೆ ಕೈಯಲ್ಲಿ ತೂಕ ಸಿಗಲಿ ಅಂತ ದಪ್ಪ ಕಾಗದದಲ್ಲಿ ಮುದ್ರಿಸಿದರು. ಇವತ್ತಿಗೂ ಸದಸ್ಯರು ಅದನ್ನ ‘ಬಿಗ್ ಬುಕ್’ ಅಂತ ಕರೆಯೋದು ಆ ದಪ್ಪಕ್ಕೇ. ಶುರುವಲ್ಲಿ ಮಾರಾಟ ಆಗಲೇ ಇಲ್ಲ. 1941ರ ಮಾರ್ಚ್‌ನಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಎರಡು ಸಾವಿರದಷ್ಟಿದ್ದ ಸದಸ್ಯರು ಆ ವರ್ಷದ ಕೊನೆಗೆ ಎಂಟು ಸಾವಿರ ಆದರು.

ಕೊನೆಗೆ ನಿಂತ ನಿಯಮ ಇದು: ಪ್ರತಿ ಗುಂಪು ತನ್ನ ಖರ್ಚು ತಾನೇ ನೋಡ್ಕೋಬೇಕು, ಹೊರಗಿನ ದುಡ್ಡು ಮುಟ್ಟಬಾರದು. ಮೀಟಿಂಗ್‌ನಲ್ಲಿ ಒಂದು ಚೀಲವೋ ಡಬ್ಬಿಯೋ ಕೈಯಿಂದ ಕೈಗೆ ಹೋಗುತ್ತೆ. ಹತ್ತು ರೂಪಾಯಿ ಹಾಕ್ತೀರೋ, ಏನೂ ಹಾಕಲ್ವೋ, ಯಾರೂ ನೋಡಲ್ಲ. ಕೋಣೆ ಬಾಡಿಗೆ, ಟೀ, ಪುಸ್ತಕ. ಅಷ್ಟಕ್ಕೇ.

ಈ ಲೆಕ್ಕ ಹೇಗೆ ನಡೆಯುತ್ತೆ ಅಂತ ನಾನು ತುಂಬಾ ಯೋಚನೆ ಮಾಡಿದೆ. ಬೇರೆ ಕಡೆ ಹಳೇ ಸದಸ್ಯ ಹೊಸಬನಿಗೆ ಸೇವೆ ಕೊಡ್ತಾನೆ, ಹೊಸಬ ಬೆಲೆ ಕೊಡ್ತಾನೆ. ಇಲ್ಲಿ ಹೊಸಬ ಬಂದು ಕೂತಿದ್ದೇ ಹಳಬನಿಗೆ ಸಿಗೋ ಸಂಬಳ. ಬಿಲ್‌ಗೆ ಡಾ. ಬಾಬ್ ಬೇಕಾಗಿದ್ದ ಹಾಗೆ, ಹತ್ತು ವರ್ಷ ಬಿಟ್ಟವರಿಗೂ ಮೊದಲ ದಿನದವರು ಬೇಕು. ಹೀಗಾಗಿ ಇಬ್ಬರಲ್ಲಿ ಯಾರೂ ಯಾರಿಗೂ ಸಾಲಗಾರರಲ್ಲ.

ನಮ್ಮ ಕಡೆಗೆ ಬಂದಿದ್ದು

ಭಾರತದಲ್ಲಿ ಎಎ ಬೇರು ಬಿಟ್ಟಿದ್ದು 1957ರಲ್ಲಿ, ಬಾಂಬೆಯಲ್ಲಿ. ಅಲ್ಲಿಂದ ಬೇರೆ ಊರುಗಳಿಗೆ ಬಂತು. ಚೆನ್ನೈನಲ್ಲಿ 1980ರಲ್ಲಿ ಶಾಂತಿ ರಂಗನಾಥನ್ ಅವರು ಕುಡಿತದಿಂದ ತೀರಿಕೊಂಡ ಗಂಡನ ಹೆಸರಲ್ಲಿ ಚಿಕಿತ್ಸಾ ಕೇಂದ್ರ ಶುರು ಮಾಡಿದರು. ಆಗ ಕುಡಿತ ಒಂದು ಕಾಯಿಲೆ ಅಂತ ಒಪ್ಪೋರೇ ಕಡಿಮೆ. ಬೆಂಗಳೂರಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ಇದೆ. ಬೆಂಗಳೂರಿನ ಮೀಟಿಂಗ್‌ಗಳು ಕನ್ನಡ, ತಮಿಳು, ಇಂಗ್ಲಿಷ್ ಅಂತ ಬೇರೆ ಬೇರೆ ಭಾಷೆಯಲ್ಲಿ ನಡೀತವೆ.

ಹಳ್ಳಿ ಕಡೆ ಇನ್ನೊಂದು ದಾರಿ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನ ನಿಮ್ಮಲ್ಲಿ ಹಲವರು ನೋಡಿರ್ತೀರಿ. ಊರಿನ ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಒಂದು ವಾರ ಇಟ್ಕೊಂಡು ಮಾಡ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರು ಮತ್ತೆ ಮತ್ತೆ ಸೇರೋಕೆ ನವಜೀವನ ಸಮಿತಿ ಅಂತ ಇದೆ. ಎಎಗೂ ಇದಕ್ಕೂ ಸಂಬಂಧ ಇಲ್ಲ. ಆದ್ರೆ ಶಿಬಿರದ ಆ ಒಂದು ವಾರ ಸಾಕಾಗಲ್ಲ, ಆಮೇಲೂ ಜೊತೆ ಬೇಕು ಅನ್ನೋ ಅರಿವು ಎರಡೂ ಕಡೆ ಒಂದೇ.

ಸರ್ಕಾರದ ದಾರಿ ಬೇರೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಜನ ಅಗ್ಗದ ವಿಸ್ಕಿ ಪ್ಯಾಕೆಟ್‌ಗೆ ಬಂದರು. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕು ಅಂತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡ್ಕೊಂಡು ಬಂದರು. ಇನ್ನೊಂದು ಕಡೆ ರಾಜ್ಯದ ಖಜಾನೆಗೆ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿಗೂ ಹೆಚ್ಚು ಬರುತ್ತೆ. ಈ ಜಗಳ ಸದ್ಯಕ್ಕೆ ಮುಗಿಯಲ್ಲ. ಮುಗಿಯೋ ತನಕ ಕಾಯೋಕಾಗದವರಿಗೆ ಬೇಕಾಗಿರೋದು ಒಂದು ಕೋಣೆ.

ಎಷ್ಟು ಜನರಿಗೆ ಬೇಕು? ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಕುಡಿತಕ್ಕೆ ಸಂಬಂಧಿಸಿ ಸಹಾಯ ಬೇಕಾಗಿರೋರು ಸುಮಾರು 5.7 ಕೋಟಿ. ಕುಡಿತಕ್ಕೆ ದಾಸರಾದವರಲ್ಲಿ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ.

ಉಳಿದ 37 ಜನ ಏನ್ ಮಾಡ್ತಾರೆ? ದೇವರ ಮುಂದೆ ಆಣೆ ಹಾಕ್ತಾರೆ. ಅಯ್ಯಪ್ಪ ಮಾಲೆ ಹಾಕ್ಕೊಂಡು ವ್ರತ ಮುಗಿಯೋ ತನಕ ಒಂದು ಹನಿ ಮುಟ್ಟಲ್ಲ, ಮಾಲೆ ತೆಗೆದ ದಿನ ಬಾರ್‌ನಲ್ಲಿರ್ತಾರೆ. ಮನೆಯವರು ಗೋಡೆ ಮೇಲಿನ ಜಾಹೀರಾತು ನೋಡಿ ‘ಅವರಿಗೆ ತಿಳಿಯದಂತೆ’ ಊಟದಲ್ಲಿ ಪುಡಿ ಬೆರೆಸ್ತಾರೆ. ಇದು ಮಾತ್ರ ದಯವಿಟ್ಟು ಮಾಡ್ಬೇಡಿ. ಅಂಥ ಕೆಲವು ಔಷಧಿ ಹೊಟ್ಟೇಲಿರುವಾಗ ಕುಡಿದ್ರೆ ಜೀವಕ್ಕೇ ಅಪಾಯ.

ಹೋಗ್ಬೇಕು ಅಂದ್ರೆ

ಮೊದಲು ಒಂದು ಎಚ್ಚರಿಕೆ. ಬೆಳಿಗ್ಗೆ ಎದ್ದ ಕೂಡಲೇ ಬೇಕು, ಇಲ್ಲಾಂದ್ರೆ ಕೈ ನಡುಗುತ್ತೆ ಅನ್ನೋ ಮಟ್ಟಕ್ಕೆ ಬಂದಿದ್ರೆ, ಹಠಕ್ಕೆ ಬಿದ್ದು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಭ್ರಮೆ, ಗೊಂದಲ ಶುರುವಾಗಬಹುದು, ಸಾವೂ ಆಗಬಹುದು. ಅದಕ್ಕೆ ಮೊದಲು ಡಾಕ್ಟರ್. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡ್ತಾರೆ. ವ್ಯಸನಮುಕ್ತಿ ಸಹಾಯವಾಣಿ 14446. ಆಸ್ಪತ್ರೆ ದೇಹದಿಂದ ಇಳಿಸುತ್ತೆ, ಮೀಟಿಂಗ್ ಇರೋದು ಡಿಸ್ಚಾರ್ಜ್ ಆದ ಮರುದಿನಕ್ಕೆ.

ಮೀಟಿಂಗ್ ಹುಡುಕೋದು ಸುಲಭ. ಎಎ ಇಂಡಿಯಾದ ವೆಬ್‌ಸೈಟ್‌ನಲ್ಲಿ ಊರು, ದಿನ, ಸಮಯ, ಭಾಷೆ ಇರುತ್ತೆ. ಕೊಟ್ಟಿರೋ ನಂಬರ್‌ಗೆ ಫೋನ್ ಮಾಡಿದ್ರೆ ಎತ್ತೋದು ಕಾಲ್ ಸೆಂಟರ್ ಅಲ್ಲ, ಕುಡಿತ ಬಿಟ್ಟಿರೋ ಒಬ್ಬ ಸದಸ್ಯ. ‘ಓಪನ್’ ಅಂತಿದ್ರೆ ಮನೆಯವರು, ವಿದ್ಯಾರ್ಥಿಗಳು, ಯಾರು ಬೇಕಾದ್ರೂ ಕೂರಬಹುದು. ‘ಕ್ಲೋಸ್ಡ್’ ಅಂತಿದ್ರೆ ಕುಡಿತದ ಸಮಸ್ಯೆ ಇರೋರು ಮಾತ್ರ. ಬಹಳ ಕಡೆ ಚರ್ಚ್ ಅಥವಾ ಶಾಲೆಯ ಕೋಣೆಯಲ್ಲಿ ನಡೆಯುತ್ತೆ. ಬಾಡಿಗೆ ಕಮ್ಮಿ ಅನ್ನೋದಷ್ಟೇ ಕಾರಣ, ಮತಾಂತರದ ವ್ಯವಹಾರ ಏನೂ ಇಲ್ಲ.

ಈ ಎಪಿಸೋಡ್‌ಗಾಗಿ ನಾನು ಒಂದು ಓಪನ್ ಮೀಟಿಂಗ್‌ಗೆ ಹೋಗಿ ಕೂತಿದ್ದೆ. ಅಲ್ಲಿ ಕೇಳಿದ್ದನ್ನ ಹೊರಗೆ ಹೇಳಬಾರದು, ಹೇಳಲ್ಲ. ನೋಡಿದ್ದನ್ನ ಹೇಳ್ತೀನಿ. ಪ್ಲಾಸ್ಟಿಕ್ ಕುರ್ಚಿಗಳು. ಒಂದೂವರೆ ಗಂಟೆ. ಮಾತಾಡೋರು ಮೊದಲ ಹೆಸರು ಮಾತ್ರ ಹೇಳ್ತಾರೆ. ಒಬ್ಬರು ಮಾತಾಡುವಾಗ ಯಾರೂ ಬಾಯಿ ಹಾಕಲ್ಲ, ಸಲಹೆ ಕೊಡಲ್ಲ. ಮಾತಾಡೋಕೆ ಇಷ್ಟ ಇಲ್ಲ ಅಂದ್ರೆ ಇವತ್ತು ಕೇಳ್ತೀನಿ ಅಂದ್ರೆ ಸಾಕು. ಆಟೋ ಓಡಿಸೋರು ಪಕ್ಕದಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಇಟ್ಕೊಂಡ ಹುಡುಗ. ಮುಗಿದ ಮೇಲೆ ಟೀ. ಹೊಸದಾಗಿ ಬಂದವರ ಫೋನಿಗೆ ಇಬ್ಬರು ಮೂವರು ನಂಬರ್ ಸೇವ್ ಮಾಡಿಸಿದರು. ರಾತ್ರಿ ಕುಡಿಯೋ ಮನಸ್ಸಾದ್ರೆ ಕರೆ ಮಾಡೋಕೆ. ಆಕ್ರನ್ ಹೋಟೆಲ್‌ನ ಆ ಫೋನ್ ಈಗ ಎಲ್ಲರ ಜೇಬಲ್ಲಿದೆ.

ಹೆಣ್ಣುಮಕ್ಕಳಿಗೆ ಬಾಗಿಲು ದಾಟೋದು ಇನ್ನೂ ಕಷ್ಟ, ಅದು ನಿಜ. ಕುಡಿಯೋ ಗಂಡಸಿಗೆ ಪಾಪ ಅನ್ನೋ ಊರು ಹೆಂಗಸಿಗೆ ಬೇರೆ ಮಾತು ಹೇಳುತ್ತೆ. ಅಮೆರಿಕದಲ್ಲೂ ಹಾಗೇ ಇತ್ತು. 1939ರಲ್ಲಿ ಸೇರಿದ ಮಾರ್ಟಿ ಮ್ಯಾನ್ ಅಲ್ಲಿನ ಮೊದಲ ಕೆಲವೇ ಮಹಿಳೆಯರಲ್ಲಿ ಒಬ್ಬರು. ಮುಂದೆ ಕುಡಿತವನ್ನ ಕಾಯಿಲೆಯಾಗಿ ನೋಡಿ ಅಂತ ದೇಶವೆಲ್ಲ ಸುತ್ತಿ ಹೇಳಿದರು. ಖುದ್ದಾಗಿ ಹೋಗೋಕೆ ಆಗದವರಿಗೆ ಈಗ ಆನ್‌ಲೈನ್ ಮೀಟಿಂಗ್ ಇದೆ, ಕ್ಯಾಮೆರಾ ಆಫ್ ಇಟ್ಕೋಬಹುದು. 2020ರ ಲಾಕ್‌ಡೌನ್‌ನಲ್ಲಿ ಇದು ಜೋರಾಗಿ ಬೆಳೀತು. ಕುಡಿಯೋರ ಮನೆಯವರಿಗೆ ಅಲ್-ಅನಾನ್ ಅಂತ ಪ್ರತ್ಯೇಕ ಗುಂಪಿದೆ. 1951ರಲ್ಲಿ ಅದನ್ನ ಕಟ್ಟಿದ್ದು ಆ ಲೋಯಿಸ್, ಬಿಲ್ ಹೆಂಡತಿ, ಇನ್ನೊಬ್ಬ ಸದಸ್ಯರ ಹೆಂಡತಿ ಜೊತೆ ಸೇರಿ. ಅಪ್ಪ ಕುಡೀತಾರೆ, ಅಮ್ಮ ಒಳಗೊಳಗೇ ಸಾಯ್ತಿದ್ದಾರೆ ಅನ್ನೋ ಮನೆಯಲ್ಲಿ ಅಮ್ಮನಿಗೆ ಹೇಳಿ.

ಕೆಲಸ ಮಾಡುತ್ತಾ?

ಎಲ್ಲರಿಗೂ ಅಲ್ಲ. 2020ರಲ್ಲಿ ಕಾಕ್ರನ್ ಸಂಸ್ಥೆ 27 ಅಧ್ಯಯನಗಳನ್ನ, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನ ಒಟ್ಟಿಗೆ ಇಟ್ಟು ನೋಡ್ತು. ಎಎ ಕಡೆಗೆ ವ್ಯವಸ್ಥಿತವಾಗಿ ಕರೆದೊಯ್ಯೋ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ನಂತರ ಪೂರ್ತಿ ಬಿಟ್ಟಿದ್ದವರು ನೂರಕ್ಕೆ 42. ಬೇರೆ ಚಿಕಿತ್ಸೆಗಳಲ್ಲಿ 35. ಪವಾಡ ಅಲ್ಲ, ಆದ್ರೆ ಪುಕ್ಕಟೆ ಸಿಗೋ ವಿಷಯಕ್ಕೆ ಕಡಿಮೆ ಅಂತೂ ಅಲ್ಲ.

ಟೀಕೆಯೂ ಇದೆ. 12 ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತೆ. ಶುರುವಲ್ಲೇ ನಾಸ್ತಿಕ ಸದಸ್ಯರು ಜಗಳ ಆಡಿದ್ದಕ್ಕೆ ‘ನಾವು ಅರ್ಥ ಮಾಡಿಕೊಂಡ ಹಾಗಿನ ದೇವರು’ ಅನ್ನೋ ಅರ್ಥದ ಮಾತು ಸೇರಿತು. ಅದೂ ಒಪ್ಪದವರಿಗೆ ಸ್ಮಾರ್ಟ್ ರಿಕವರಿಯಂಥ ಬೇರೆ ಗುಂಪುಗಳಿವೆ. ಒಂದು ಮೀಟಿಂಗ್ ಹಿಡಿಸಲಿಲ್ಲ ಅಂದ್ರೆ ಇನ್ನೊಂದಕ್ಕೆ ಹೋಗಿ. ಪ್ರತಿ ಗುಂಪಿನ ಸ್ವಭಾವ ಬೇರೆ. ಔಷಧಿ ತಗೊಳ್ತಿದ್ರೆ ಮೀಟಿಂಗ್‌ನಲ್ಲಿ ಯಾರೋ ಹೇಳಿದ್ರು ಅಂತ ನಿಲ್ಲಿಸ್ಬೇಡಿ, ಡಾಕ್ಟರನ್ನ ಕೇಳಿ.

ಜಾರಿ ಬಿದ್ದವರೂ ವಾಪಸ್ ಬರಬಹುದು. ಡಾ. ಬಾಬ್ ಕೂಡ ಅಟ್ಲಾಂಟಿಕ್ ಸಿಟಿಯಿಂದ ವಾಪಸ್ ಬಂದವರೇ.

ಹೋದ್ರೆ ಯಾರಾದ್ರೂ ನೋಡ್ತಾರೆ, ನಾಲ್ಕು ಜನ ಏನಂತಾರೆ ಅನ್ನೋ ಭಯ ನಮ್ಮಲ್ಲಿ ಎಲ್ಲರಿಗೂ ಇದೆ. ಬಾರ್ ಮುಂದೆ ನಿಂತಾಗಲೂ ಅದೇ ನಾಲ್ಕು ಜನ ನೋಡಿರ್ತಾರೆ. ಮೀಟಿಂಗ್ ಕೋಣೆಯಲ್ಲಿ ನಿಮ್ಮನ್ನ ನೋಡೋ ನಾಲ್ಕು ಜನಕ್ಕೆ ಮಾತ್ರ ನೀವು ಬಂದಿದ್ದರಿಂದ ಲಾಭ ಇದೆ. ನಿಮ್ಮ ಕಥೆ ಕೇಳಿದ ರಾತ್ರಿ ಅವರೂ ಕುಡಿಯದೆ ಮಲಗ್ತಾರೆ.

ಇವತ್ತಿಗೆ ಇಷ್ಟು. ನಂಬರ್ ಇನ್ನೊಂದ್ಸಲ ಹೇಳ್ತೀನಿ: 14416, 14446. ಈ ಎಪಿಸೋಡ್ ಸ್ಟೇಟಸ್‌ಗೆ ಹಾಕೋ ಬದಲು ಬೇಕಾಗಿರೋ ಒಬ್ಬರಿಗೆ ಮಾತ್ರ ಕಳ್ಸಿ, ಜೊತೆಗೆ ‘ಬೇಕಿದ್ರೆ ನಾನೂ ಬರ್ತೀನಿ’ ಅಂತ ಒಂದು ಸಾಲು ಬರೀರಿ. ಮುಂದಿನ ವಾರ ಸಿಗೋಣ. ನಮಸ್ಕಾರ.